ಬಯಲಲ್ಲಿ ನಿಲ್ಲಿಸುವ ದೊಡ್ಡ ಉಕ್ಕಿನ ಶಿಲ್ಪಕ್ಕೆ ಕಾರ್ಟೆನ್ ಒಳ್ಳೆಯದೋ, ಬಣ್ಣ ಬಳಿದ ಉಕ್ಕೋ?

‘ನಿಲ್ಲಿಸಿದ ಮೇಲೆ ನಿರ್ವಹಣೆಯ ಗೋಜೇ ಇರಬಾರದು’ ಅಂತ ಬರೆದಿದ್ದೀರಲ್ಲ, ನಾನೂ ಇದೇ ಆಸೆಗೆ ಬಿದ್ದು ಕಾರ್ಟೆನ್, ಅಂದರೆ ಬಣ್ಣ ಬಳಿಯದೆ ತನ್ನ ತುಕ್ಕಿನ ಪದರದಿಂದಲೇ ಕಾಪಾಡಿಕೊಳ್ಳುವ ಉಕ್ಕು, ತಗೊಂಡವನು. ಶಿಕಾಗೋದಲ್ಲಿರುವ ಪಿಕಾಸೊ ಶಿಲ್ಪ ನನ್ನ ತಲೆಯಲ್ಲಿ ಕೂತಿತ್ತು. 50 ಅಡಿ ಎತ್ತರದ ಕಾರ್ಟೆನ್, 1967ರಿಂದ ಬಣ್ಣ ಇಲ್ಲದೆ ಮಳೆ, ಹಿಮ ಎಲ್ಲಾ ತಡೆದುಕೊಂಡು ನಿಂತಿದೆ. ನನ್ನದೂ ಹಾಗೇ ನಿಲ್ಲುತ್ತೆ ಅಂದುಕೊಂಡೆ.

ನನ್ನ ಶಿಲ್ಪದಲ್ಲಿ ಅಗಲವಾದ ಪ್ಲೇಟ್‌ಗಳು ಒಂದಕ್ಕೊಂದು ಒರಗಿಕೊಂಡು ಮೇಲೇರುತ್ತಿದ್ದವು. ಬುಡದಲ್ಲಿ ಎರಡು ಪ್ಲೇಟ್ ಸೇರಿ ಒಂದು ಮಡಿಲಿನ ಹಾಗೆ ಆಗಿತ್ತು. ನೋಡೋಕೆ ಅದೇ ತುಂಬಾ ಚೆನ್ನಾಗಿದ್ದ ಜಾಗ. ಅದರ ತಳದಲ್ಲಿ ನಾನು ತೂತು ಬಿಡಲಿಲ್ಲ. ಅಷ್ಟೇ ತಪ್ಪು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾರ್ಟೆನ್‌ನಲ್ಲಿ ತಾಮ್ರ, ಕ್ರೋಮಿಯಂ, ನಿಕಲ್ ಸ್ವಲ್ಪ ಸ್ವಲ್ಪ ಇರುತ್ತೆ. ಅದರಿಂದ ಮೇಲಿನ ತುಕ್ಕು ಒತ್ತಾಗಿ ಅಂಟಿಕೊಂಡು, ಒಳಗಿನ ಉಕ್ಕು ಸವೆಯುವುದನ್ನು ನಿಧಾನ ಮಾಡುತ್ತೆ. ಆದರೆ ಆ ಪದರ ಕೂರಬೇಕಾದರೆ ಉಕ್ಕು ನೆನೆಯಬೇಕು, ಪೂರ್ತಿ ಒಣಗಬೇಕು, ಮತ್ತೆ ನೆನೆಯಬೇಕು. ಸದಾ ಒದ್ದೆಯಾಗಿರುವ ಕಡೆ ಅದು ಮಾಮೂಲಿ ಉಕ್ಕಿನ ಹಾಗೇ ತುಕ್ಕು ಹಿಡಿಯುತ್ತೆ. ನನ್ನ ಮಡಿಲಲ್ಲಿ ಮಳೆನೀರು ನಿಂತಿತು, ತರಗೆಲೆ ತುಂಬಿತು, ನೀರು ಹೋದರೂ ಎಲೆಯ ಪಸೆ ಹೋಗಲಿಲ್ಲ. ಮೇಲೆಲ್ಲ ಸೊಗಸಾದ ಕಡುಕಂದು, ಕೆಳಗೆ ಮಾತ್ರ ಹಪ್ಪಳದ ಹಾಗೆ ಪದರ ಏಳುತ್ತಿತ್ತು. ಬಣ್ಣ ಇನ್ನೂ ಮಾಗುತ್ತಿದೆ ಅಂತ ನಾನು ಸುಮ್ನೆ ಇದ್ದೆ! ಕೊನೆಗೆ ಬುಡವನ್ನೇ ಕತ್ತರಿಸಿ, ಮತ್ತೆ ಕ್ರೇನ್ ತರಿಸಿ, ಹೊಸ ಪ್ಲೇಟ್ ಬೆಸೆಯಬೇಕಾಯಿತು. ಹೆಬ್ಬೆರಳು ತೂರುವಷ್ಟು ತೂತು ಬಿಟ್ಟಿದ್ದರೆ ಸಾಕಿತ್ತು.

ಅದಕ್ಕೇ ಹೇಳುತ್ತಿದ್ದೇನೆ, ಯಾವುದು ಜಾಸ್ತಿ ಬಾಳುತ್ತೆ ಅಂತ ಇವೆರಡರಲ್ಲಿ ಆರಿಸಬೇಡಿ. ನಿರ್ವಹಣೆ ಬೇಡದ ಉಕ್ಕು ಇಲ್ಲವೇ ಇಲ್ಲ. ಸಮುದ್ರ ಹತ್ತಿರ ಇದ್ದರೆ ಕಾರ್ಟೆನ್ ಬಿಟ್ಟುಬಿಡಿ, ಉಪ್ಪುಗಾಳಿ ಆ ಪದರವನ್ನು ಕೂರಲು ಬಿಡಲ್ಲ. ಉಳಿದ ಕಡೆ, ಶಿಲ್ಪದ ಹಿಂದೆ ಏನಿದೆ ನೋಡಿ ಆರಿಸಿ. ಶಿಕಾಗೋದಲ್ಲೇ ಶಿಲ್ಪಿ ಕಾಲ್ಡರ್ ಮಾಡಿದ, ಕೆಂಪು ಬಣ್ಣ ಬಳಿದ 53 ಅಡಿಯ ಉಕ್ಕಿನ ಶಿಲ್ಪ ‘ಫ್ಲೆಮಿಂಗೊ’ (1974) ಇದೆ. ಸುತ್ತ ಮೀಸ್ ವಾನ್ ಡರ್ ರೋ ವಿನ್ಯಾಸದ ಕಪ್ಪು ಕಟ್ಟಡಗಳು, ಚೌಕ ಚೌಕ ಗೆರೆಗಳು. ನಡುವೆ ಬಾಗಿದ ಆ ಕೆಂಪು. ಅಲ್ಲಿ ಬಣ್ಣ ಬರೀ ತುಕ್ಕು ತಡೆಯೋಕೆ ಬಳಿದದ್ದಲ್ಲ ಅಲ್ವಾ? ಬಿಸಿಲಿಗೆ ಮಾಸುತ್ತೆ, ಮತ್ತೆ ಬಳಿಯಬೇಕು. ಬಳಿಯಿರಿ, ಅದೂ ಕೆಲಸದ ಭಾಗವೇ.

ಕಾರ್ಟೆನ್ನೇ ಬೇಕು ಅಂದರೆ ವೆಲ್ಡಿಂಗ್ ಕಡ್ಡಿಯೂ ಬೋಲ್ಟೂ ಅದಕ್ಕೆ ಹೊಂದುವಂಥದ್ದೇ ಆಗಿರಲಿ. ಬುಡ ಮಣ್ಣಿಗೆ ತಾಗದಿರಲಿ. ಮೊದಮೊದಲು ಕಂದು ನೀರು ಇಳಿದು ಕಾಂಕ್ರೀಟ್ ಕಲೆಯಾಗುತ್ತೆ, ಕೆಳಗೆ ಜಲ್ಲಿ ಹಾಸಿ. ಕ್ರೇನ್ ಬರುವ ಮುಂಚೆ ವರ್ಕ್‌ಶಾಪಿನಲ್ಲೇ ಶಿಲ್ಪವನ್ನು ಅದು ನಿಲ್ಲುವ ಭಂಗಿಯಲ್ಲೇ ನಿಲ್ಲಿಸಿ, ಮೇಲಿಂದ ಪೈಪಲ್ಲಿ ನೀರು ಬಿಡಿ. ಮಾರನೇ ದಿನ ಎಲ್ಲೆಲ್ಲಿ ನೀರು ನಿಂತಿರುತ್ತೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ ತೂತು ಕೊರೆಸಿ.