ಕುದುರೆಯ ಒಂದು ಹಿಂಗಾಲು ಊದಿದೆ. ಯಾವ ಲೇಪ ಹಚ್ಚಲಿ? ಬಿಸಿನೀರು ಬಿಡಲಾ, ತಣ್ಣೀರು ಬಿಡಲಾ? ಹಿಂದೆ ಡಾಕ್ಟರ್ ಬರೆದುಕೊಟ್ಟ ನೋವಿನ ಪುಡಿ ಉಳಿದಿದೆ, ಅದನ್ನು ಕೊಟ್ಟು ಎರಡು ದಿನ ನೋಡಲಾ?

ಲೇಪ ಆಮೇಲೆ. ಮೊದಲು ಆ ನೋವಿನ ಪುಡಿಯ ಡಬ್ಬ ಎತ್ತಿಡಿ. ಅದನ್ನು ಕೊಟ್ಟು ಎರಡು ದಿನ ನೋಡಲಾ ಅಂತ ಕೇಳಿದ್ದೀರಲ್ಲ, ನಾನು ಮಾಡಿದ್ದೂ ಅದನ್ನೇ.

ನನ್ನದು ಹೆಣ್ಣು ಕುದುರೆ, ಸ್ವಲ್ಪ ಮುಂಗೋಪಿ. ಒಂದು ಬೆಳಿಗ್ಗೆ ಲಾಯಕ್ಕೆ ಹೋದರೆ ಎಡ ಹಿಂಗಾಲು ದಪ್ಪಗಾಗಿತ್ತು. ಗೊರಸಿನ ಮೇಲೆ ಮೊದಲು ಸಿಗುವ ದೊಡ್ಡ ಗಿಣ್ಣು ಇದೆಯಲ್ಲ, ಅಲ್ಲಿ ಜಾಸ್ತಿ. ನಡೆಸಿ ನೋಡಿದೆ. ಕುಂಟುತ್ತಿದೆಯೋ ಇಲ್ಲವೋ ಅನ್ನುವಷ್ಟು ಕಡಿಮೆ ಕುಂಟು. ಹಿಂದಿನ ದಿನವೆಲ್ಲ ಲಾಯದಲ್ಲೇ ನಿಂತಿತ್ತು, ನಿಂತೂ ನಿಂತೂ ನೀರು ಇಳಿದಿರಬೇಕು ಅಂದುಕೊಂಡೆ. ಹಾಗೆ ಆಗುವುದೂ ಉಂಟು. ಕುದುರೆಯ ಕಾಲಿನ ನಡುವಿನ ಗಿಣ್ಣಿನ ಕೆಳಗೆ ಮಾಂಸಖಂಡ ಇಲ್ಲವೆಂದೇ ಹೇಳಬೇಕು, ಬರೀ ಮೂಳೆ, ಟೆಂಡನ್ (ಮಾಂಸಖಂಡವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿ), ಚರ್ಮ. ಕೆಳಗಿಳಿದ ದ್ರವ ಮೇಲೆ ಹತ್ತಬೇಕಾದರೆ ಅದು ನಡೆಯಬೇಕು, ಗೊರಸು ನೆಲಕ್ಕೆ ಒತ್ತಬೇಕು. ಆದರೆ ಸುಮ್ನೆ ನಿಂತು ಬರುವ ಊತ ಸಾಮಾನ್ಯವಾಗಿ ಎರಡೂ ಹಿಂಗಾಲಿಗೆ ಬರುತ್ತದೆ. ಮುಟ್ಟಿದರೆ ತಣ್ಣಗಿರುತ್ತದೆ, ನೋವಿರುವುದಿಲ್ಲ, ಸ್ವಲ್ಪ ಹೊತ್ತು ಅಡ್ಡಾಡಿಸಿದರೆ ಇಳಿದುಬಿಡುತ್ತದೆ. ನನ್ನ ಕುದುರೆಗೆ ಊದಿದ್ದು ಒಂದೇ ಕಾಲು. ಅದು ಬಿಸಿಯೂ ಆಗಿತ್ತು.

ಇಷ್ಟು ಗೊತ್ತಿದ್ದೂ ಪುಡಿ ಕೊಟ್ಟೆ. ಫಿನೈಲ್‌ಬ್ಯೂಟಜೋನ್, ನಿಮ್ಮ ಹತ್ತಿರ ಇರುವುದೂ ಬಹುಶಃ ಅದೇ. ಅದು ನೋವು ತಗ್ಗಿಸುತ್ತದೆ, ಬಾವು ತಗ್ಗಿಸುತ್ತದೆ, ಜ್ವರವನ್ನೂ ಇಳಿಸುತ್ತದೆ. ಅಂದರೆ ಕುದುರೆ ನಮಗೆ ಏನಾಗಿದೆ ಅಂತ ತಿಳಿಸುವ ದಾರಿಗಳನ್ನೆಲ್ಲ ಒಟ್ಟಿಗೆ ಮುಚ್ಚುತ್ತದೆ. ಸಂಜೆಗೆ ಕುಂಟು ಮಾಯ. ಥರ್ಮಾಮೀಟರ್ ಇಟ್ಟರೆ ಜ್ವರ ಇಲ್ಲ. ನಾನು ಖುಷಿಯಾದೆ, ಮರುದಿನ ಇನ್ನಷ್ಟು ಕೊಟ್ಟೆ. ಜ್ವರ ಇಲ್ಲದ್ದಕ್ಕೂ ಪುಡಿ ಜ್ವರ ಇಳಿಸಿದ್ದಕ್ಕೂ ವ್ಯತ್ಯಾಸ ಇದೆ ಅನ್ನುವುದು ತಲೆಗೇ ಹೋಗಲಿಲ್ಲ. ಜ್ವರ ನೋಡುವುದಿದ್ದರೆ ಪುಡಿಗೆ ಮೊದಲು ನೋಡಬೇಕಿತ್ತು. ಕಾಲು ಸವರುವುದಿದ್ದರೂ ಮೊದಲೇ. ಕೂದಲು, ಕೆಸರು ಸರಿಸಿ, ಚರ್ಮವನ್ನು ಬೆರಳಲ್ಲಿ ಹುಡುಕಬೇಕಿತ್ತು. ಎಲ್ಲವನ್ನೂ ಹಿಂದು ಮುಂದಾಗಿ ಮಾಡಿದೆ. ಪುಡಿ ಕೊಟ್ಟದ್ದಕ್ಕಿಂತ ಈ ಹಿಂದು ಮುಂದೇ ದೊಡ್ಡ ತಪ್ಪು.

ಗಿಣ್ಣಿನ ಹಿಂಭಾಗದಲ್ಲಿ, ಕೂದಲಿನ ಅಡಿಯಲ್ಲಿ, ಮುಳ್ಳು ಚುಚ್ಚಿದಂಥ ಸಣ್ಣ ತೂತು ಇತ್ತು. ಅಷ್ಟೇ. ರಕ್ತ ಬಂದಿದ್ದ ಗುರುತೂ ಸರಿಯಾಗಿ ಕಾಣುತ್ತಿರಲಿಲ್ಲ. ಆದರೆ ಅಲ್ಲಿ ಕಾಲನ್ನು ಮಡಚುವ ಟೆಂಡನ್‌ಗಳು ಒಂದು ಚೀಲದೊಳಗೆ ಹಾದುಹೋಗುತ್ತವೆ. ಆ ಚೀಲದಲ್ಲಿ ಜಾರಿಕೆಗೆ ಬೇಕಾದ ದ್ರವ ಇರುತ್ತದೆ. ತೂತು ಅಲ್ಲಿಯವರೆಗೆ ಇಳಿದು ಕೊಳೆ ಒಳಗೆ ಹೋಗಿತ್ತು. ತೂತು ತೆರೆದಿದ್ದು ದ್ರವ ಹೊರಗೆ ಜಿನುಗುವಷ್ಟು ಕಾಲ ಒಳಗೆ ಒತ್ತಡ ಕಟ್ಟುವುದಿಲ್ಲ, ಕುದುರೆ ಅಷ್ಟಾಗಿ ಕುಂಟುವುದಿಲ್ಲ. ಮೊದಲ ದಿನ ನಾನು ಮೋಸ ಹೋದದ್ದು ಹೀಗೆ. ತೂತು ಮುಚ್ಚಿಕೊಂಡ ಮೇಲೆ ಪುಡಿಯ ಆಟವೂ ನಡೆಯಲಿಲ್ಲ, ಕುದುರೆ ಕಾಲನ್ನು ನೆಲಕ್ಕೇ ಊರಲಿಲ್ಲ.

ಡಾಕ್ಟರ್ ಸೂಜಿ ಹಾಕಿ ದ್ರವ ತೆಗೆದರು. ತಿಳಿ ಹಳದಿಯಾಗಿ, ಎಳೆ ಬರುವಂತೆ ಇರಬೇಕಾದದ್ದು ಕಲಕಿದ ನೀರಿನಂತೆ ಬಂತು. ಬರೀ ಆಂಟಿಬಯಾಟಿಕ್ ಇಂಜೆಕ್ಷನ್ ಸಾಲುವುದಿಲ್ಲ, ಅರಿವಳಿಕೆ ಕೊಟ್ಟು ಆ ಚೀಲವನ್ನು ಒಳಗಿಂದ ತೊಳೆಯಬೇಕು ಅಂದರು. ತೊಳೆದರು. ಇದರಲ್ಲಿ ಗಂಟೆಗಳ ಲೆಕ್ಕ, ಬೇಗ ತೊಳೆದಷ್ಟೂ ಒಳ್ಳೆಯದು. ನಾನು ಕಳೆದದ್ದು ದಿನಗಳನ್ನು. ಕುದುರೆ ಬದುಕಿತು, ಮೇಯುತ್ತದೆ, ಈಗಲೂ ನನ್ನ ತೋಳು ಕಚ್ಚಲು ನೋಡುತ್ತದೆ. ಸವಾರಿ ಮಾತ್ರ ಮುಗಿಯಿತು.

ಈಗ ನಿಮ್ಮ ಲೇಪದ ವಿಷಯ. ಯಾವ ಲೇಪವೂ ಬೇಡ. ಇದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ. ಊತ ಒಂದು ರೋಗವಲ್ಲ, ಕಾರಣ ಹತ್ತಾರು ಇರುತ್ತದೆ. ಲೇಪ, ಬಣ್ಣದ ಸ್ಪ್ರೇ ಏನೇ ಹಚ್ಚಿದರೂ ಡಾಕ್ಟರಿಗೆ ಗಾಯ ಕಾಣದ ಹಾಗೆ ಆಗುತ್ತದೆ. ಬಿಸಿಯೋ ತಣ್ಣಗೋ ಅಂತ ಕೇಳಿದ್ದೀರಿ. ಎಲ್ಲೂ ಗಾಯ ಇಲ್ಲ ಅಂತ ಖಾತ್ರಿಯಾದರೆ ತಣ್ಣೀರು ಬಿಡಿ, ಒಂದು ಸಲಕ್ಕೆ 15-20 ನಿಮಿಷ, ದಿನಕ್ಕೆ ಕೆಲವು ಸಲ. ಆಮೇಲೆ ಗೊರಸಿನ ಮೇಲೆ ಹಿಂಬದಿಯ ಸಂದು ಚೆನ್ನಾಗಿ ಒರೆಸಿ. ಒದ್ದೆಯಿದ್ದು ಚರ್ಮ ಬಿರಿದರೆ ಅಲ್ಲಿಂದಲೇ ಸೋಂಕು ಒಳಗೆ ಹೋಗುತ್ತದೆ, ಕಾಲು ಇದ್ದಕ್ಕಿದ್ದಂತೆ ಕಂಬವಾಗುತ್ತದೆ. ಗಿಣ್ಣಿನ ಹತ್ತಿರ ಗಾಯ ಇದ್ದರೆ ಪೈಪಿನ ರಭಸದ ನೀರು ಬೇಡವೇ ಬೇಡ, ಕೊಳೆಯನ್ನು ಒಳಕ್ಕೆ ತಳ್ಳುತ್ತದೆ.

ಪಟ್ಟಿ ಕಟ್ಟಿ ಅಂತ ಬಹಳ ಜನ ಹೇಳುತ್ತಾರೆ. ಕಟ್ಟಲು ಬಾರದವರು ಕಟ್ಟದೇ ಇರುವುದೇ ವಾಸಿ. ಅಡಿಯಲ್ಲಿ ದಪ್ಪ ಮೆತ್ತೆ ಇಲ್ಲದೆ, ಒಂದು ಕಡೆ ಬಿಗಿ ಒಂದು ಕಡೆ ಸಡಿಲ ಆದರೆ ಟೆಂಡನ್ನೇ ಏಟು ತಿನ್ನುತ್ತದೆ.

ಊದಿರುವುದು ಮುಂಗಾಲಿನ ಹಿಂಭಾಗ ಆಗಿದ್ದರೆ, ಓಡಿಸಿದ ಮೇಲೆ ಬಿಲ್ಲಿನ ಹಾಗೆ ಉಬ್ಬಿದ್ದರೆ, ಟೆಂಡನ್ ಹರಿದಿರಬಹುದು. ಅದು ವಾಸಿಯಾಗಲು ತಿಂಗಳುಗಟ್ಟಲೆ ಬೇಕು, ಸ್ಕ್ಯಾನ್ ಇಲ್ಲದೆ ಊಹೆ ಮಾಡಬಾರದು. ಅದಿರಲಿ, ನಿಮ್ಮದು ಹಿಂಗಾಲು.

ಈಗಲೇ ಹೋಗಿ ಎರಡೂ ಹಿಂಗಾಲನ್ನು ಸವರಿ ಹೋಲಿಸಿ. ಗೊರಸಿನ ಅಡಿಯನ್ನೂ ನೋಡಿ. ಒಳಗೆ ಕೀವು ಕಟ್ಟಿದರೂ ಮೇಲೆ ಊದುತ್ತದೆ, ಆಗ ಗಿಣ್ಣಿನ ಹಿಂದೆ ಪಕ್ಕದಲ್ಲಿ ಬೆರಳಿಟ್ಟರೆ ನಾಡಿ ಜೋರಾಗಿ ಹೊಡೆಯುತ್ತದೆ. ಆರಾಮಾಗಿ ನಿಂತಿರುವ ಬೆಳೆದ ಕುದುರೆಗೆ 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜ್ವರ ಅಂತಲೇ ತಿಳಿಯಿರಿ. ಕಾಲು ಬಿಸಿ, ಜ್ವರ, ಜೋರು ಕುಂಟು, ಇಲ್ಲವೇ ಗಿಣ್ಣಿನ ಹತ್ತಿರ ಎಷ್ಟೇ ಚಿಕ್ಕ ತೂತು, ಇವುಗಳಲ್ಲಿ ಒಂದಿದ್ದರೂ ಡಾಕ್ಟರ್ ಇವತ್ತೇ ಬರಬೇಕು. ಫೋನಿನಲ್ಲಿ ಸುಮ್ನೆ "ಕಾಲು ಊದಿದೆ" ಅನ್ನಬೇಡಿ. ತೂತು ಕಂಡಿದ್ದರೆ "ಕೀಲಿನ ಹತ್ತಿರ ತೂತಿದೆ" ಅನ್ನುವುದನ್ನೇ ಮೊದಲು ಹೇಳಿ. ಎರಡು ದಿನ ಬಿಟ್ಟು ಬರುತ್ತೇನೆ ಅಂದರೆ ಬೇರೆಯವರಿಗೆ ಮಾಡಿ. ಅವರು ಬರುವಷ್ಟರಲ್ಲಿ ಧನುರ್ವಾಯು ಲಸಿಕೆ ಹಾಕಿಸಿದ ತಾರೀಕು ಹುಡುಕಿಟ್ಟುಕೊಳ್ಳಿ. ಚುಚ್ಚಿದ ಗಾಯದಿಂದ ಕುದುರೆಗೆ ಆ ರೋಗ ಬಲು ಬೇಗ ತಗಲುತ್ತದೆ, ಅವರು ಅದನ್ನು ಕೇಳೇ ಕೇಳುತ್ತಾರೆ.