ಯಾರು ಯಾರನ್ನು ಮನೆಗೆ ಕಳಿಸಬಹುದು?

ಪ್ರಶ್ನೆ: ಸರ್, ಸಂಸದೀಯ ಪದ್ಧತಿಗೂ ಅಧ್ಯಕ್ಷೀಯ ಪದ್ಧತಿಗೂ ಇರುವ ಹತ್ತು ವ್ಯತ್ಯಾಸಗಳನ್ನು ಗೈಡ್‌ನಲ್ಲಿ ಕೊಟ್ಟಿದ್ದಾರೆ. ಬಾಯಿಪಾಠ ಮಾಡುತ್ತೇನೆ, ಪರೀಕ್ಷೆ ಹೊತ್ತಿಗೆ ಯಾವುದು ಯಾವ ಕಡೆಯದು ಅಂತ ಗೊಂದಲವಾಗುತ್ತದೆ. ಸುಲಭದ ದಾರಿ ಇದೆಯಾ?
– ಪದವಿ ವಿದ್ಯಾರ್ಥಿನಿ

ಉತ್ತರ: ಇದೆ. ಗೈಡನ್ನು ಸ್ವಲ್ಪ ಹೊತ್ತು ಮುಚ್ಚಿಡಿ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಯಾರು ಯಾರನ್ನು ಅಧಿಕಾರದಿಂದ ಇಳಿಸಬಹುದು, ಅದಕ್ಕೆ ಏನು ಬೇಕು? ಇದು ತಿಳಿದರೆ ಉಳಿದ ವ್ಯತ್ಯಾಸಗಳು ತಾವಾಗಿಯೇ ಬರುತ್ತವೆ.

ಎರಡು ಮತದಾನಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ಒಂದು ಸಂಸದೀಯ ಪದ್ಧತಿಯ ಬ್ರಿಟನ್ನಿನದು, ಇನ್ನೊಂದು ಅಧ್ಯಕ್ಷೀಯ ಪದ್ಧತಿಯ ಅಮೆರಿಕದ್ದು. 1979ರ ಮಾರ್ಚ್ 28ರ ರಾತ್ರಿ, ಬ್ರಿಟನ್ನಿನ ಸಂಸತ್ತಿನ ಕೆಳಮನೆ. ಪ್ರಧಾನಿ ಜೇಮ್ಸ್ ಕ್ಯಾಲಹನ್ ಸರ್ಕಾರದ ಮೇಲೆ ಅವಿಶ್ವಾಸ ನಿರ್ಣಯ. ಅವರದೇ ಪಕ್ಷದ ಸದಸ್ಯರೊಬ್ಬರಿಗೆ ತೀರಾ ಕಾಯಿಲೆ, ಬರಲಾಗಲಿಲ್ಲ. ಇನ್ನೊಬ್ಬ ಪಕ್ಷೇತರರು ಸದನದ ತನಕ ಬಂದರು, ಆದರೆ ಯಾರ ಕಡೆಗೂ ಮತ ಹಾಕಲಿಲ್ಲ. ಎಣಿಸಿದರೆ 311ಕ್ಕೆ 310. ಸರ್ಕಾರ ಒಂದೇ ಮತದಿಂದ ಬಿತ್ತು. ಕ್ಯಾಲಹನ್ ಅಲ್ಲೇ ಎದ್ದು ನಿಂತು ಚುನಾವಣೆಗೆ ಹೋಗುವುದಾಗಿ ಹೇಳಿದರು. ಮೇ ತಿಂಗಳಲ್ಲಿ ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾದರು. ಭಾರತದಲ್ಲೂ 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ ವಿಶ್ವಾಸಮತ ಕೇಳಿ, 269ಕ್ಕೆ 270ರಿಂದ ಸೋತಿತು.

ಈಗ 1868ರ ಅಮೆರಿಕಕ್ಕೆ ಬನ್ನಿ. ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಮೇಲೆ ಕೆಳಮನೆ ದೋಷಾರೋಪ ಹೊರಿಸಿತು. ವಿಚಾರಣೆ ನಡೆದದ್ದು ಮೇಲ್ಮನೆಯಾದ ಸೆನೆಟ್‌ನಲ್ಲಿ. ಅಲ್ಲಿ 35 ಮಂದಿ ಅವರು ತಪ್ಪಿತಸ್ಥ ಎಂದರು, 19 ಮಂದಿ ಅಲ್ಲ ಎಂದರು. ಹೆಚ್ಚುಕಡಿಮೆ ದುಪ್ಪಟ್ಟು ಜನ ವಿರುದ್ಧ ಇದ್ದರು. ಆದರೂ ಜಾನ್ಸನ್ ಕುರ್ಚಿ ಉಳಿಯಿತು! ಯಾಕೆಂದರೆ ಅಲ್ಲಿ ಮೂರನೇ ಎರಡರಷ್ಟು ಮತ ಬೇಕು, ಅಂದರೆ 36. ಒಂದು ಕಡಿಮೆ ಬಿತ್ತು.

ಕ್ಯಾಲಹನ್ ಒಂದು ಮತದಿಂದ ಹೋದರು, ಜಾನ್ಸನ್ ಒಂದು ಮತದಿಂದ ಉಳಿದರು. ಆದರೆ ಎರಡೂ ಕಡೆ ಕೇಳಿದ ಪ್ರಶ್ನೆಯೇ ಬೇರೆ. ಲಂಡನ್ನಿನಲ್ಲಿ ಸದನ ಕೇಳಿದ್ದು, 'ನಿಮ್ಮ ಮೇಲೆ ನಮಗೆ ನಂಬಿಕೆ ಇದೆಯಾ?' ಇಲ್ಲ ಅಂದರೆ ಮುಗಿಯಿತು, ಕಾರಣವನ್ನೇನೂ ರುಜುವಾತು ಮಾಡಬೇಕಿಲ್ಲ. ವಾಷಿಂಗ್ಟನ್ನಿನಲ್ಲಿ ಕೇಳಿದ್ದು, 'ನೀವು ಗಂಭೀರ ಅಪರಾಧ ಮಾಡಿದ್ದೀರಾ?' ನಂಬಿಕೆ ಇಲ್ಲದಿರುವುದು ಅಲ್ಲಿ ಸಾಲದು. ಅಧ್ಯಕ್ಷರ ನಾಲ್ಕು ವರ್ಷದ ಅವಧಿ ಸದನ ಕೊಟ್ಟದ್ದಲ್ಲ, ಸಂವಿಧಾನವೇ ಕಟ್ಟಿಟ್ಟದ್ದು. ಸೆನೆಟ್ ತೀರ್ಪಿನಿಂದ ಹುದ್ದೆ ಕಳೆದುಕೊಂಡ ಅಮೆರಿಕದ ಅಧ್ಯಕ್ಷರು ಇವತ್ತಿಗೂ ಒಬ್ಬರೂ ಇಲ್ಲ. 1974ರಲ್ಲಿ ನಿಕ್ಸನ್ ಹೋದದ್ದು ರಾಜೀನಾಮೆ ಕೊಟ್ಟು.

ಇನ್ನು ನಿಮ್ಮ ಗೈಡ್ ತೆರೆಯಿರಿ. ಸಂಸದೀಯ ಪದ್ಧತಿಯಲ್ಲಿ ಸಾಮೂಹಿಕ ಹೊಣೆ ಯಾಕೆ? ಬಿದ್ದರೆ ಇಡೀ ಮಂತ್ರಿಮಂಡಲ ಒಟ್ಟಿಗೇ ಬೀಳುತ್ತದೆ, ಅದಕ್ಕೆ. ವಿಪ್, ಅಂದರೆ ಹೀಗೇ ಮತ ಹಾಕಿ ಎಂದು ಪಕ್ಷ ತನ್ನ ಸದಸ್ಯರಿಗೆ ಕೊಡುವ ಆದೇಶ, ಅಷ್ಟು ಬಿಗಿ ಯಾಕೆ? ಒಂದು ಮತ ಆಚೀಚೆ ಆದರೂ ಸರ್ಕಾರವೇ ಹೋಗಬಹುದು, ಅದಕ್ಕೆ. ಅಧ್ಯಕ್ಷೀಯ ಪದ್ಧತಿಯಲ್ಲಿ ಬಿಕ್ಕಟ್ಟು ಎಳೆಯುವುದು ಯಾಕೆ? ಅಧ್ಯಕ್ಷರಿಗೂ ಸದನಕ್ಕೂ ಆಗಿಬರದಿದ್ದರೂ ಯಾರೂ ಬೀಳುವುದಿಲ್ಲ. ಇಬ್ಬರೂ ಹಟ ಹಿಡಿದು ಕೂರುತ್ತಾರೆ. 2018ರ ಡಿಸೆಂಬರ್‌ನಿಂದ 2019ರ ಜನವರಿವರೆಗೆ 35 ದಿನ ಅಮೆರಿಕದ ಎಷ್ಟೋ ಸರ್ಕಾರಿ ಇಲಾಖೆಗಳು ಹಣ ಮಂಜೂರಾಗದೆ ಬಾಗಿಲು ಹಾಕಿದ್ದು ಹೀಗೆಯೇ. ಬ್ರಿಟನ್ನಿನಲ್ಲೋ ಭಾರತದಲ್ಲೋ ಬಜೆಟ್ಟೇ ಸೋತರೆ ಸರ್ಕಾರ ಉಳಿಯುವ ಮಾತೇ ಇಲ್ಲ.

ಪರೀಕ್ಷೆಯಲ್ಲಿ ಕೇಳಲಿಕ್ಕಿಲ್ಲ, ಆದರೂ ಜರ್ಮನಿಯ ಜಾಣತನ ಹೇಳದೆ ಬಿಡಲು ಮನಸ್ಸಾಗುತ್ತಿಲ್ಲ. ಅಲ್ಲಿ ಸರ್ಕಾರದ ಮುಖ್ಯಸ್ಥರಾದ ಚಾನ್ಸಲರ್‌ರನ್ನು ಸುಮ್ನೆ ಬೀಳಿಸಲಾಗದು. ಇಳಿಸುವ ನಿರ್ಣಯದಲ್ಲೇ ಅವರ ಜಾಗಕ್ಕೆ ಯಾರು ಎಂದು ಹೆಸರಿಸಿ, ಅವರನ್ನು ಬಹುಮತದಿಂದ ಆರಿಸಬೇಕು. 1982ರಲ್ಲಿ ಹೆಲ್ಮುಟ್ ಶ್ಮಿಟ್ ಹೋಗಿ ಹೆಲ್ಮುಟ್ ಕೋಲ್ ಬಂದದ್ದು ಈ ದಾರಿಯಲ್ಲಿ. ಬೀಳಿಸಲು ಒಂದಾಗುವವರು ಕಟ್ಟಲು ಒಂದಾಗುವುದಿಲ್ಲ ಎಂಬುದು ಹಿಟ್ಲರ್‌ಗೆ ಮುಂಚಿನ ವರ್ಷಗಳಲ್ಲಿ ಜರ್ಮನರು ಅನುಭವಿಸಿದ ಪಾಡು. ಆಮೇಲೆ ಬರೆದ ಸಂವಿಧಾನದಲ್ಲಿ ಈ ಬೇಲಿ ಹಾಕಿಕೊಂಡರು.

ಪ್ರಶ್ನೆ: ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಬೇರೆ ಬೇರೆ ಇರಬೇಕು ಅಂತ ಪಾಠದಲ್ಲಿದೆ. ಆದರೆ ಮಂತ್ರಿಗಳು ಸಂಸತ್ತಿನಲ್ಲೇ ಕೂತಿರುತ್ತಾರೆ. ಹಾಗಾದರೆ ಪಾಠ ತಪ್ಪೋ, ಪದ್ಧತಿ ತಪ್ಪೋ?
– ಕಾಲೇಜು ವಿದ್ಯಾರ್ಥಿ

ಉತ್ತರ: ಒಳ್ಳೆಯ ಅನುಮಾನ. ಇದು ಶುರುವಿನಿಂದಲೂ ಇರುವ ತೊಡಕೇ. ಅಧಿಕಾರ ಪ್ರತ್ಯೇಕತೆಯ ಮಾತು ಬಂದಾಗಲೆಲ್ಲ ಫ್ರಾನ್ಸಿನ ಚಿಂತಕ ಮಾಂಟೆಸ್ಕ್ಯೂ ಹೆಸರು ಬರುತ್ತದೆ ಅಲ್ವಾ? 1748ರಲ್ಲಿ ಅವರು ಮಾದರಿಯಾಗಿ ತೋರಿಸಿದ್ದು ಇಂಗ್ಲೆಂಡನ್ನು. ತಮಾಷೆ ಏನೆಂದರೆ, ಅದಕ್ಕೂ ಮುಂಚೆ ಅವರು ಇಂಗ್ಲೆಂಡಿನಲ್ಲಿ ಇದ್ದ ದಿನಗಳಲ್ಲೇ ರಾಬರ್ಟ್ ವಾಲ್ಪೋಲ್ ಕೆಳಮನೆಯಲ್ಲಿ ಕೂತು ಸರ್ಕಾರ ನಡೆಸುತ್ತಿದ್ದರು. ಅಂದರೆ ಮಾದರಿ ದೇಶದಲ್ಲೇ ಗೋಡೆ ಪೂರ್ತಿ ಇರಲಿಲ್ಲ.

ಅಮೆರಿಕದವರು ಗೋಡೆಯನ್ನು ನಿಜವಾಗಿ ಕಟ್ಟಿದರು. ಅಲ್ಲಿ ಸಂಸತ್ತಿನ ಸದಸ್ಯರು ಮಂತ್ರಿ ಹುದ್ದೆ ಹಿಡಿಯುವಂತಿಲ್ಲ. 2009ರಲ್ಲಿ ಹಿಲರಿ ಕ್ಲಿಂಟನ್ ವಿದೇಶಾಂಗ ಖಾತೆಗೆ ಹೋಗುವಾಗ ಸೆನೆಟ್ ಬಿಟ್ಟರು. ಭಾರತದಲ್ಲಿ ತದ್ವಿರುದ್ಧ: ಸಂಸತ್ ಸದಸ್ಯರಲ್ಲದವರು ಮಂತ್ರಿಯಾದರೆ ಆರು ತಿಂಗಳೊಳಗೆ ಸದಸ್ಯರಾಗಬೇಕು, ಇಲ್ಲವೇ ಹುದ್ದೆ ಬಿಡಬೇಕು. ಒಂದು ಕಡೆ ಒಳಗೆ ಇರಬಾರದು, ಇನ್ನೊಂದು ಕಡೆ ಒಳಗೇ ಇರಬೇಕು.

ಹಾಗಾದರೆ ಸಂಸದೀಯ ಪದ್ಧತಿಯಲ್ಲಿ ಪ್ರತ್ಯೇಕತೆ ಎಲ್ಲಿ ಹೋಯಿತು? ನನ್ನ ಪ್ರಕಾರ ಅಲ್ಲಿ ಜಾಸ್ತಿ ಭಾರ ಬೀಳುವುದು ನ್ಯಾಯಾಂಗದ ಮೇಲೆ. ಸರ್ಕಾರಕ್ಕೆ ಬಹುಮತ ಇದ್ದಾಗ ಸದನ ಸಾಮಾನ್ಯವಾಗಿ ಸರ್ಕಾರ ಹೇಳಿದಂತೆ ಕೇಳುತ್ತದೆ. ಆಗ 'ಇದು ಆಗದು' ಅನ್ನುವ ತಾಕತ್ತು ಇರುವುದು ಕೋರ್ಟಿಗೆ. ಎಷ್ಟರ ಮಟ್ಟಿಗೆ ಅನ್ನುವುದು ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಸುಪ್ರೀಂ ಕೋರ್ಟ್ 1803ರಲ್ಲೇ, ಸಂವಿಧಾನಕ್ಕೆ ವಿರುದ್ಧವಾದ ಕಾನೂನು ಕಾನೂನೇ ಅಲ್ಲ ಎಂದಿತು. ಭಾರತದ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1973ರ ಕೇಶವಾನಂದ ಭಾರತಿ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳು ಕೂತು, 7–6ರ ಬಹುಮತದಿಂದ, ಸಂವಿಧಾನದ ತಿದ್ದುಪಡಿಗೂ ಮಿತಿ ಹಾಕಿದರು. ತಿದ್ದಬಹುದು, ಆದರೆ ಮೂಲ ಸ್ವರೂಪವನ್ನೇ ಕೆಡಿಸುವಂತಿಲ್ಲ. ಬ್ರಿಟನ್ನಿನಲ್ಲಿ ಸಂಸತ್ತು ಪಾಸು ಮಾಡಿದ ಕಾಯ್ದೆಯನ್ನು ಕೋರ್ಟು ರದ್ದು ಮಾಡುವಂತೆಯೇ ಇಲ್ಲ. ಅಷ್ಟೇ ಯಾಕೆ, 2009ರವರೆಗೆ ಅಲ್ಲಿನ ಅತಿ ದೊಡ್ಡ ಕೋರ್ಟ್ ಇದ್ದದ್ದೇ ಸಂಸತ್ತಿನ ಮೇಲ್ಮನೆಯ ಭಾಗವಾಗಿ! ಹಾಗಂತ ಅಲ್ಲಿ ನ್ಯಾಯಾಧೀಶರು ಸರ್ಕಾರದ ಕೈಗೊಂಬೆಗಳಾಗಿರಲಿಲ್ಲ. ಅವರನ್ನು ಮಂತ್ರಿಗಳು ಮನಸ್ಸು ಬಂದ ಹಾಗೆ ತೆಗೆಯಲು ಆಗುತ್ತಿರಲಿಲ್ಲ. ಕಟ್ಟಡ ಒಂದೇ ಆಗಿದ್ದರೂ ಕುರ್ಚಿ ಭದ್ರವಾಗಿತ್ತು.

ಪಾಠವೂ ತಪ್ಪಲ್ಲ, ಪದ್ಧತಿಯೂ ತಪ್ಪಲ್ಲ. ಉತ್ತರ ಬರೆಯುವಾಗ 'ಮೂರೂ ಬೇರೆ' ಎಂದಷ್ಟೇ ಬರೆದು ನಿಲ್ಲಿಸಬೇಡಿ. ಯಾವುದು ಯಾವುದನ್ನು ತಡೆಯುತ್ತದೆ ಎಂದು ಒಂದು ಉದಾಹರಣೆ ಕೊಡಿ.

ಪ್ರಶ್ನೆ: ಪ್ರಭುತ್ವ ಬೇರೆ, ಸರ್ಕಾರ ಬೇರೆ ಅಂತ ಮಗಳಿಗೆ ಹೇಳಿಕೊಡಬೇಕು. ನನಗೇ ಸರಿಯಾಗಿ ಗೊತ್ತಾಗುತ್ತಿಲ್ಲ.
– ಒಬ್ಬ ತಾಯಿ

ಉತ್ತರ: ಬೆಲ್ಜಿಯಂ ಕಥೆ ಹೇಳಿ ಅಮ್ಮಾ, ತಟ್ಟನೆ ಹೊಳೆಯುತ್ತದೆ. 2010ರ ಜೂನ್‌ನಲ್ಲಿ ಅಲ್ಲಿ ಚುನಾವಣೆ ನಡೆಯಿತು. ಪಕ್ಷಗಳ ನಡುವೆ ಹೊಂದಾಣಿಕೆ ಆಗಲೇ ಇಲ್ಲ. ಹೊಸ ಸರ್ಕಾರ ಬಂದದ್ದು 541 ದಿನಗಳ ಮೇಲೆ, 2011ರ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಹಂಗಾಮಿ ಸರ್ಕಾರ. ಆದರೂ ತೆರಿಗೆ ವಸೂಲಾಯಿತು, ಕೋರ್ಟುಗಳು ನಡೆದವು, ಪೊಲೀಸರು ಕೆಲಸ ಮಾಡಿದರು. ಲಿಬಿಯಾದ ಕಾರ್ಯಾಚರಣೆಗೆ ಯುದ್ಧವಿಮಾನಗಳೂ ಹೋದವು. ಸರ್ಕಾರ ರಚನೆಯಾಗದೆ ಒದ್ದಾಡುತ್ತಿದ್ದಾಗಲೂ ಮುಂದುವರಿದದ್ದು ಪ್ರಭುತ್ವ: ನೆಲ, ಜನ, ಕಾನೂನು, ಅದನ್ನು ಜಾರಿ ಮಾಡುವ ಅಧಿಕಾರ. ಅದನ್ನು ಸದ್ಯಕ್ಕೆ ನಡೆಸುವವರು ಸರ್ಕಾರ.

ಪ್ರಶ್ನೆ: ಮೇಲ್ಮನೆ ನಿಜಕ್ಕೂ ಬೇಕಾ, ಸರ್? ಸುಮ್ನೆ ಖರ್ಚು ಅಲ್ವಾ?
– ಇನ್ನೊಬ್ಬ ವಿದ್ಯಾರ್ಥಿ

ಉತ್ತರ: ಎಲ್ಲ ಕಡೆ ಬೇಕೇ ಬೇಕು ಅನ್ನುವ ವಾದ ನನಗೂ ಒಪ್ಪಿಗೆಯಿಲ್ಲ. ಡೆನ್ಮಾರ್ಕ್ 1953ರಲ್ಲಿ ಮೇಲ್ಮನೆ ತೆಗೆಯಿತು. ನ್ಯೂಜಿಲೆಂಡ್ ಅದಕ್ಕೂ ಮೊದಲೇ ತೆಗೆದಿತ್ತು. ಎರಡೂ ಚೆನ್ನಾಗಿಯೇ ನಡೆಯುತ್ತಿವೆ. ಆದರೆ ಒಕ್ಕೂಟವಾದರೆ ಲೆಕ್ಕ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ಕೋಟಿಯ ಹತ್ತಿರ ಜನ, ವಯೋಮಿಂಗ್‌ನಲ್ಲಿ ಆರು ಲಕ್ಷವೂ ಇಲ್ಲ. ಸೆನೆಟ್‌ನಲ್ಲಿ ಎರಡಕ್ಕೂ ಇಬ್ಬಿಬ್ಬರೇ. ಇದು ನ್ಯಾಯವೋ ಎಂದು ಜಗಳ ಇದ್ದೇ ಇದೆ. ಸಣ್ಣ ರಾಜ್ಯಗಳು ಒಕ್ಕೂಟಕ್ಕೆ ಒಪ್ಪಿದ್ದಂತೂ ಈ ಷರತ್ತಿನ ಮೇಲೆಯೇ. ಇನ್ನು ಬಲದ ವಿಷಯ. ಹಣಕಾಸು ಮಸೂದೆಯನ್ನು ರಾಜ್ಯಸಭೆ 14 ದಿನ ಇಟ್ಟುಕೊಳ್ಳಬಹುದು, ಬ್ರಿಟನ್ನಿನ ಮೇಲ್ಮನೆ ಒಂದು ತಿಂಗಳು. ಅಮೆರಿಕದ ಸೆನೆಟ್ ಬೇಡ ಎಂದರೆ ಆ ಮಸೂದೆ ಅಲ್ಲಿಗೇ ನಿಂತಿತು.