ಪೇಟಿ ಮಾಸ್ತರ ಮೊಮ್ಮಗಳಿಗೆ ಪಿಯಾನೊ

ಪ್ರಶ್ನೆ: ನನ್ನ ಮಗಳಿಗೆ 9 ವರ್ಷ. ನಮ್ಮ ಮಾವನವರು ನಾಟಕ ಕಂಪನಿಯಲ್ಲಿ ಪೇಟಿ (ಹಾರ್ಮೋನಿಯಂ) ಮಾಸ್ತರಾಗಿದ್ದವರು, ಅವರ ತೊಡೆ ಮೇಲೆ ಕೂತೇ ಇವಳು ಸರಿಗಮ ಕಲಿತಳು. ಈಗ ಯಾವ ಹಾಡು ಕೇಳಿದರೂ ಎರಡನೇ ಸಲಕ್ಕೆ ಕೀಬೋರ್ಡಿನಲ್ಲಿ ನುಡಿಸುತ್ತಾಳೆ. ಚೆನ್ನೈನ ಹುಡುಗ ಲಿಡಿಯನ್ ನಾದಸ್ವರಂ ಪಿಯಾನೊ ನುಡಿಸೋ ವಿಡಿಯೋ ನೋಡಿದಾಗಿನಿಂದ ಪಿಯಾನೊನೇ ಬೇಕು ಅಂತ ಹಟ. ನೆಂಟರೆಲ್ಲ ಟಿವಿ ಶೋಗೆ ಕಳಿಸಿ ಅಂತಾರೆ. ದಿನಕ್ಕೆ ಎಷ್ಟು ಗಂಟೆ ಕೂರಿಸಬೇಕು? ನಿಜವಾದ ಪಿಯಾನೊ ಕೊಳ್ಳಲೇಬೇಕಾ? ಅವಳ ವಿಡಿಯೋ ಕಳಿಸಿದ್ದೇನೆ.
– ಒಬ್ಬ ತಾಯಿ, ಸಿಂಧನೂರು

ಉತ್ತರ: ಅಕ್ಕಾ, ವಿಡಿಯೋ ಮೂರು ಸಲ ನೋಡಿದೆ. ಮೊದಲ ಸಲ ಖುಷಿಗೆ. ಎರಡನೇ ಸಲ ಬಲಗೈ ನೋಡಿದೆ, ಚೆನ್ನಾಗಿದೆ, ಕಿವಿ ಅಂತೂ ಇನ್ನೂ ಚೆನ್ನಾಗಿದೆ. ಮೂರನೇ ಸಲ ಎಡಗೈ ಹುಡುಕಿದೆ. ಅದು ಹಾಡು ಮುಗಿಯೋವರೆಗೂ ಫ್ರಾಕಿನ ಅಂಚು ಹಿಡಿದುಕೊಂಡು ಕೂತಿತ್ತು!

ಇದು ಮಗುವಿನ ತಪ್ಪಲ್ಲ, ಪೇಟಿಯ ಮನೆಯಲ್ಲಿ ಬೆಳೆದ ಎಲ್ಲರದ್ದೂ ಇದೇ ಕಥೆ. ಪೇಟಿಯಲ್ಲಿ ಎಡಗೈಗೆ ಇರೋದು ತಿದಿ ಒತ್ತೋ ಕೆಲಸ, ಹಾಡೆಲ್ಲ ಬಲಗೈದು. ಪಿಯಾನೊದಲ್ಲಿ ಎಡಗೈಗೂ ಅದರದೇ ಸಾಲು ಬರೆದಿರುತ್ತದೆ, ಬಲಗೈ ಒಂದು ಹೇಳುವಾಗ ಅದು ಇನ್ನೊಂದು ಹೇಳಬೇಕು. ನಾನೂ ಪೇಟಿಯಿಂದಲೇ ಬಂದವಳು. ಪಿಯಾನೊ ಮುಂದೆ ಮೊದಲ ಸಲ ಕೂತಾಗ ನನ್ನ ಎಡಗೈ ತಾನಾಗಿಯೇ ಗಾಳಿಯಲ್ಲಿ ತಿದಿ ಹುಡುಕುತ್ತಿತ್ತು, ಪಕ್ಕದಲ್ಲಿದ್ದ ಆರು ವರ್ಷದ ಹುಡುಗ ನಕ್ಕಿದ್ದು ಇವತ್ತಿಗೂ ಮರೆತಿಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ಪೇಟಿಯ ಮನೆಯನ್ನು, ಅಂದರೆ ಕೀಯನ್ನು, ಮೆಲ್ಲಗೆ ಮುಟ್ಟಿದರೂ ಜೋರಾಗಿ ಒತ್ತಿದರೂ ದನಿ ಅಷ್ಟೇ, ಏರಿಳಿತ ಎಲ್ಲ ಗಾಳಿಯಿಂದ. ಪಿಯಾನೊದಲ್ಲಿ ಪ್ರತಿ ಬೆರಳೂ ಎಷ್ಟು ಜೋರು ಅಂತ ಅದೇ ನಿರ್ಧರಿಸಬೇಕು, ಯಾಕೆಂದರೆ ಒಳಗೆ ಪುಟ್ಟ ಸುತ್ತಿಗೆ ಹೋಗಿ ತಂತಿಗೆ ಹೊಡೆಯುತ್ತದೆ. ನಿಮ್ಮ ಮನೆಯಲ್ಲಿರೋ ಕೀಬೋರ್ಡಿನ ಮನೆಗಳು ಹಗುರ, ಸುಮ್ನೆ ಊದಿದರೂ ಒತ್ತಿಹೋಗುವಂತಿವೆ. ಅದರ ಮೇಲೆ ಎರಡು ವರ್ಷ ಕಲಿತರೆ ಬೆರಳಿಗೆ ಬಲವೇ ಬರುವುದಿಲ್ಲ.

ಹಾಗಂತ ತಂತಿ ಪಿಯಾನೊ ಖಂಡಿತ ಕೊಳ್ಳಬೇಡಿ. ಅದರೊಳಗೆ 200ಕ್ಕೂ ಜಾಸ್ತಿ ತಂತಿ, ಮರದ ಹಲಗೆ. ನಮ್ಮ ರಾಯಚೂರು ಸೀಮೆಯ ಏಪ್ರಿಲ್ ಬಿಸಿಲಿಗೆ ಮರ ಒಣಗುತ್ತದೆ, ಮಳೆಗಾಲಕ್ಕೆ ಉಬ್ಬುತ್ತದೆ, ಪ್ರತಿ ಸಲವೂ ಶ್ರುತಿ ಹೋಗುತ್ತದೆ, ಶ್ರುತಿ ಮಾಡೋರು ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬರಬೇಕು. 88 ಮನೆಯ ಡಿಜಿಟಲ್ ಪಿಯಾನೊ ನೋಡಿ. ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳಿ: ಕೀಗಳು ಪೂರ್ತಿ ವೆಯ್ಟೆಡ್ಡಾ, ಅಂದರೆ ನಿಜವಾದ ಪಿಯಾನೊದ ಹಾಗೆ ಒತ್ತೋಕೆ ಭಾರ ಇವೆಯಾ? ಬರೀ 'ಟಚ್ ಸೆನ್ಸಿಟಿವ್' ಅಂದರೆ ಅದು ಬೇರೆ, ಜೋರಾಗಿ ಒತ್ತಿದರೆ ದನಿ ಜೋರಾಗುತ್ತದೆ ಅಷ್ಟೇ, ಕೀ ಹಗುರವಾಗಿಯೇ ಇರಬಹುದು, ಅದಕ್ಕೆ ಮರುಳಾಗಬೇಡಿ. ಇನ್ನೂರು ಥರದ ದನಿ, ಮಿನುಗೋ ಲೈಟು ಇವ್ಯಾವೂ ಬೇಡ. ಧೂಳಿಗೆ ಒಂದು ಬಟ್ಟೆ ಹೊದಿಸಿ, ಕರೆಂಟಿಗೆ ಸ್ಟೆಬಿಲೈಜರ್ ಹಾಕಿಸಿ.

ಇನ್ನು ಲಿಡಿಯನ್. 2019ರಲ್ಲಿ, 13ನೇ ವಯಸ್ಸಿಗೆ, ಅಮೆರಿಕದ 'ದಿ ವರ್ಲ್ಡ್ಸ್ ಬೆಸ್ಟ್' ಸ್ಪರ್ಧೆ ಗೆದ್ದು 10 ಲಕ್ಷ ಡಾಲರ್ ಬಹುಮಾನ ತಂದ ಹುಡುಗ. ರಷ್ಯಾದ ಸಂಗೀತಗಾರ ರಿಮ್ಸ್ಕಿ ಕೊರ್ಸಕೋವ್ ಒಂದು ಒಪೆರಾಗಾಗಿ (ಹಾಡಿನ ನಾಟಕಕ್ಕಾಗಿ) ಬರೆದ ದುಂಬಿ ಹಾರಾಟದ ತುಣುಕನ್ನು ಮೊದಲು ನಿಮಿಷಕ್ಕೆ 208 ಬೀಟಿನಲ್ಲಿ ನುಡಿಸಿದ, ಆಮೇಲೆ 325ರಲ್ಲಿ. ಬೀಟಿಗೆ ನಾಲ್ಕು ಸ್ವರ ಅಂತ ಲೆಕ್ಕ ಹಾಕಿದರೆ ಸೆಕೆಂಡಿಗೆ 20ಕ್ಕೂ ಜಾಸ್ತಿ ಸ್ವರ! ಎಲ್ಲರೂ 325 ನೆನಪಿಟ್ಟುಕೊಂಡಿದ್ದಾರೆ, ನನಗೆ ಇಷ್ಟವಾಗಿದ್ದು 208. ಅಲ್ಲಿ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಆ ಹುಡುಗ ಎರಡು ಪಿಯಾನೊ ಇಟ್ಟುಕೊಂಡು ಒಂದೊಂದು ಕೈಯಲ್ಲಿ ಒಂದೊಂದನ್ನು ನುಡಿಸುವ ವಿಡಿಯೋನೂ ಇದೆ, ಮಗಳಿಗೆ ಅದನ್ನು ತೋರಿಸಿ, ಎಡಗೈ ಮಾತ್ರ ನೋಡು ಅನ್ನಿ. ಮತ್ತೆ ಅವನ ತಂದೆಯೇ ಸಂಗೀತ ನಿರ್ದೇಶಕರು, ಪಿಯಾನೊಗಿಂತ ಮೊದಲು ಡ್ರಮ್ಸ್ ಕೈಗೆ ಬಂದಿತ್ತು, ಎ.ಆರ್. ರೆಹಮಾನ್ ಅವರ ಕೆ.ಎಂ. ಮ್ಯೂಸಿಕ್ ಕನ್ಸರ್ವೇಟರಿಯಲ್ಲಿ ಕಲಿತ. ಟಿವಿಯಲ್ಲಿ ಕಂಡಿದ್ದು ಕೆಲವೇ ನಿಮಿಷ, ಅದರ ಹಿಂದಿನ ವರ್ಷಗಳು ನೆಂಟರಿಗೆ ಕಾಣುವುದಿಲ್ಲ ಅಲ್ವಾ? ಟಿವಿ ಶೋ ಮಾತು ಸದ್ಯಕ್ಕೆ ಬಿಡಿ.

ಎಷ್ಟು ಹೊತ್ತು ಅಂದರೆ, ಬೆಳಿಗ್ಗೆ 20 ನಿಮಿಷ, ಸಂಜೆ 20 ನಿಮಿಷ. ಬೆಳಗಿನದು ಪೂರ್ತಿ ಎಡಗೈಗೆ. ಕಿರುಬೆರಳು 'ಸ' ಮೇಲೆ, ಹೆಬ್ಬೆರಳು 'ಪ' ಮೇಲೆ, ಅಂಗೈಯೊಳಗೆ ನಿಂಬೆಹಣ್ಣು ಇದೆ ಅನ್ನೋ ಹಾಗೆ ಕೈ ಗುಂಡಗಿರಲಿ. ಸರಿಗಮಪ, ಪಮಗರಿಸ. ಮೊಬೈಲಿನಲ್ಲಿ ತಾಳ ಹಾಕೋ ಮೆಟ್ರೊನೋಮ್ ಆ್ಯಪ್ ಪುಕ್ಕಟೆ ಸಿಗುತ್ತದೆ, ನಿಮಿಷಕ್ಕೆ 60 ಬೀಟಿಗೆ ಇಡಿ. ಉಂಗುರದ ಬೆರಳು ಮೊಂಡಾಟ ಮಾಡುತ್ತದೆ, ಅದು ಎಲ್ಲರಲ್ಲೂ ಹಾಗೇ, ಬೈಯಬೇಡಿ. ಐದೂ ಸ್ವರ ಒಂದೇ ಸಮ ಕೇಳಿದ ಮೇಲೆ 64, ಆಮೇಲೆ 68.

ಅಂದಹಾಗೆ, ಮಾವನವರು ಕಂಪನಿಯಲ್ಲಿ ನುಡಿಸುತ್ತಿದ್ದದ್ದು ಕಾಲಲ್ಲಿ ತಿದಿ ತುಳಿಯೋ ಲೆಗ್ ಹಾರ್ಮೋನಿಯಮ್ಮಾ? ಹಾಗಿದ್ದರೆ ಅವರ ಎರಡೂ ಕೈ ಖಾಲಿ ಇದ್ದವು, ಎಡಗೈಯೂ ಕೆಲಸ ಮಾಡಿರುತ್ತದೆ. ಮೊಮ್ಮಗಳಿಗೆ ಮೊದಲ ಪಾಠ ಅವರೇ ಹೇಳಲಿ, ಸ್ಟಾಫ್ ನೊಟೇಶನ್ (ಐದು ಗೆರೆಗಳ ಮೇಲೆ ಸ್ವರ ಬರೆಯೋ ಪಾಶ್ಚಾತ್ಯ ಲಿಪಿ) ಓದೋದನ್ನು ಆನ್‌ಲೈನ್ ಕ್ಲಾಸಿನ ಮೇಡಂ ಯಾರಾದರೂ ಕಲಿಸಲಿ.

ಪ್ರಶ್ನೆ: ಮಗ ಎಬಿಆರ್‌ಎಸ್‌ಎಂ (ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ) ಪಿಯಾನೊ ಗ್ರೇಡ್ 3ರಲ್ಲಿ 118 ತೆಗೆದ. ಮನೆಯಲ್ಲಿ ಎಲ್ಲರಿಗೂ ಬೇಜಾರು. ಪರೀಕ್ಷೆಗೆ ಪ್ರತಿ ಸಲ ಊರು ಬಿಟ್ಟು ಹೋಗೋದೂ ಕಷ್ಟ.
– ಒಬ್ಬ ತಂದೆ, ಕೊಪ್ಪಳ

ಉತ್ತರ: ಸರ್, ಬೇಜಾರು ಯಾಕೆ? ಅದು 150ಕ್ಕೆ. 100 ಬಂದರೆ ಪಾಸ್, 120ಕ್ಕೆ ಮೆರಿಟ್, 130ಕ್ಕೆ ಡಿಸ್ಟಿಂಕ್ಷನ್. ಮೆರಿಟ್‌ಗೆ ಎರಡೇ ಅಂಕ ಕಮ್ಮಿ. ಅಂಕಪಟ್ಟಿ ತೆಗೆದು ನೋಡಿ, ಮೂರು ತುಣುಕಿಗೆ ತಲಾ 30, ಸ್ಕೇಲಿಗೆ (ಸ್ವರಗಳನ್ನು ಸಾಲಾಗಿ ಏರಿಸಿ ಇಳಿಸೋದು) 21, ನೋಡಿದ ತಕ್ಷಣ ಓದಿ ನುಡಿಸೋದಕ್ಕೆ 21, ಕಿವಿಗೆ, ಅಂದರೆ ಕೇಳಿ ಗುರುತಿಸೋದಕ್ಕೆ, 18. ಎಲ್ಲಿ ಹೋಯಿತು ಅಂತ ಗೊತ್ತಾಗುತ್ತದೆ. ನಮ್ಮ ಮಕ್ಕಳು ಸಾಮಾನ್ಯವಾಗಿ ಎಡವೋದು ಸ್ಕೇಲು ಮತ್ತು ಓದಿನಲ್ಲಿ, ಯಾಕೆಂದರೆ ಮನೆಗೆ ಬಂದ ನೆಂಟರ ಮುಂದೆ ಸ್ಕೇಲ್ ನುಡಿಸು ಅಂತ ಯಾರೂ ಕೇಳುವುದಿಲ್ಲ! 2020ರಿಂದ ಪರ್ಫಾರ್ಮೆನ್ಸ್ ಗ್ರೇಡ್ ಬಂದಿದೆ. ನಾಲ್ಕು ತುಣುಕು ಒಂದೇ ಸಲಕ್ಕೆ ವಿಡಿಯೋ ಮಾಡಿ ಕಳಿಸಿದರೆ ಸಾಕು, ನಡುವೆ ಕತ್ತರಿ ಹಾಕುವ ಹಾಗಿಲ್ಲ. ಫ್ಯಾನ್ ಆಫ್ ಮಾಡಿ, ಕುಕ್ಕರ್ ಸೀಟಿ ಹೊಡೆಯದ ಹೊತ್ತು ನೋಡಿ ರೆಕಾರ್ಡ್ ಮಾಡಿ. ಆದರೆ ಸ್ಕೇಲ್ ತಪ್ಪಿಸಿಕೊಳ್ಳೋಕೆ ಮಾತ್ರ ಈ ದಾರಿ ಹಿಡಿಯಬೇಡಿ.

ಪ್ರಶ್ನೆ: ನನಗೆ 16. ಅರ್ಧ ಗಂಟೆ ನುಡಿಸಿದರೆ ಎಡ ಮಣಿಕಟ್ಟು ನೋಯುತ್ತದೆ. ನೋವು ತಡೆದುಕೊಂಡರೆ ಕೈ ಪಳಗುತ್ತೆ ಅಂತಾರೆ, ನಿಜಾನಾ?
– ಒಬ್ಬ ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಸುಳ್ಳಮ್ಮಾ. ನೋವು ಬಂದ ಕೂಡಲೇ ನಿಲ್ಲಿಸು. ಚೀನಾದ ಲಾಂಗ್ ಲಾಂಗ್ ಅಷ್ಟು ದೊಡ್ಡ ಪಿಯಾನೊ ವಾದಕ, ಅವರೂ 2017ರಲ್ಲಿ ಎಡಗೈ ನೋವಿನಿಂದ ಕಛೇರಿ ನಿಲ್ಲಿಸಿ ಒಂದು ವರ್ಷಕ್ಕೂ ಜಾಸ್ತಿ ಸುಮ್ಮನಿರಬೇಕಾಯಿತು. ಮೊದಲು ಕುರ್ಚಿ ನೋಡು. ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು, ಪ್ಲಾಸ್ಟಿಕ್ ಕುರ್ಚಿ ಗಿಡ್ಡ ಆದರೆ ಮೇಲೊಂದು ದಿಂಬು ಹಾಕು. ಹದಿನೈದು ನಿಮಿಷಕ್ಕೊಮ್ಮೆ ಎದ್ದು ಕೈ ಜೋತುಬಿಡು. ಒಂದು ವಾರ ಬಿಟ್ಟು ಮತ್ತೆ ಕೂತಾಗಲೂ ನೋವು ಬಂದರೆ ಮೂಳೆ ಡಾಕ್ಟರ ಹತ್ತಿರ ಹೋಗು, ಪಿಯಾನೊ ನುಡಿಸ್ತೀನಿ ಅಂತ ಮರೆಯದೆ ಹೇಳು.